ಸಂಚಾರ ವರದಿಯ ಕೊನೆಯ ಪುಟವನ್ನು ಮೊದಲು ಓದಬೇಡಿ

ತುಮಕೂರಿನ ಟೌನ್‌ಹಾಲ್ ವೃತ್ತದಿಂದ ಬಟವಾಡಿ ಕಡೆಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿ.ಎಚ್. ರಸ್ತೆಯಲ್ಲಿ ಹೊರಟವರಿಗೆ ದಟ್ಟಣೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲಾ ವ್ಯಾನು, ಕಾಲೇಜಿಗೆ ಹೊರಟ ಸ್ಕೂಟರು, ಬೆಂಗಳೂರಿನ ಬಸ್ಸು ತಪ್ಪೀತೆಂದು ಅವಸರಿಸುವ ಆಟೊ, ಎಲ್ಲವೂ ಅಲ್ಲಿರುತ್ತವೆ. ಅಂಥ ರಸ್ತೆಗೆ ಸೇರುವ ಯಾವುದೋ ಅಡ್ಡರಸ್ತೆಯಲ್ಲಿ ಹಳೆಯ ಅಕ್ಕಿ ಗಿರಣಿಯೊಂದು ನೆಲಸಮವಾಗಿ, ಸುತ್ತ ತಗಡಿನ ಬೇಲಿ ಎದ್ದು, ಅದರ ಮೇಲೆ ವಾಣಿಜ್ಯ ಸಂಕೀರ್ಣದ ಬಣ್ಣದ ಚಿತ್ರ ಬಂದಿತೆಂದುಕೊಳ್ಳಿ. ಅಕ್ಕಪಕ್ಕದವರ ಮೊದಲ ಪ್ರಶ್ನೆ ಒಂದೇ: ಇಲ್ಲಿಗೆ ಬರುವ ಗಾಡಿಗಳೆಲ್ಲ ಎಲ್ಲಿ ನಿಲ್ಲುತ್ತವೆ?

ಪ್ರಶ್ನೆ ಸರಿಯಾಗಿದೆ, ಕೇಳಿದ ಹೊತ್ತು ಮಾತ್ರ ತಡವಾಯಿತು. ತಗಡು ಏಳುವ ಹೊತ್ತಿಗೆ ಅದಕ್ಕೆ ಉತ್ತರ ಯಾವುದೋ ಕಡತದಲ್ಲಿ ಬರೆದಾಗಿರುತ್ತದೆ. ದೊಡ್ಡ ಕಟ್ಟಡವಾದರೆ ಆ ಉತ್ತರಕ್ಕೆ ಸಂಚಾರ ಪರಿಣಾಮ ಅಧ್ಯಯನ ಎಂಬ ಹೆಸರಿರುತ್ತದೆ. ಚಿಕ್ಕದಾದರೆ ನಕ್ಷೆಯ ಮೂಲೆಯಲ್ಲಿ ವಾಹನ ನಿಲುಗಡೆಯ ಒಂದು ಕೋಷ್ಟಕವಾಗಿ ಮುಗಿದಿರುತ್ತದೆ. ವರದಿ ಕೈಗೆ ಸಿಕ್ಕರೂ ಓದುವವರು ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಾರೆ. ರಸ್ತೆ ಹೆಚ್ಚುವರಿ ಸಂಚಾರವನ್ನು ತಾಳಿಕೊಳ್ಳುತ್ತದೆ ಎಂಬ ಸಾಲು ಕಾಣುತ್ತದೆ. ಅಷ್ಟಕ್ಕೆ ಕೆಲವರು ಸಮಾಧಾನಪಡುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ನನ್ನ ಮಟ್ಟಿಗೆ ಆ ಸಾಲಿಗೆ ಹೆಚ್ಚು ಬೆಲೆಯಿಲ್ಲ. ಯಾವ ದಿನ ಎಣಿಸಿದರು, ರಸ್ತೆಗೆ ಯಾವ ಹೆಸರು ಕೊಟ್ಟರು, ಎಷ್ಟು ಜನ ಬರುತ್ತಾರೆಂದು ಊಹಿಸಿದರು ಎಂಬ ಮೂರು ಕಡೆ ತೀರ್ಮಾನ ಮೊದಲೇ ಆಗಿಹೋಗಿರುತ್ತದೆ. ಉಳಿದದ್ದು ಗುಣಾಕಾರ, ಭಾಗಾಕಾರ.

ಎಣಿಕೆಯಿಂದಲೇ ಶುರುಮಾಡೋಣ. ರಸ್ತೆ ಬದಿಯಲ್ಲಿ ಹುಡುಗರನ್ನು ಕೂರಿಸಿ ಅಥವಾ ಕಂಬಕ್ಕೆ ಕ್ಯಾಮೆರಾ ಕಟ್ಟಿ, ಹದಿನೈದು ನಿಮಿಷಕ್ಕೊಮ್ಮೆ ಯಾವ ಬಗೆಯ ವಾಹನ ಎಷ್ಟು ಹೋಯಿತೆಂದು ಬರೆದುಕೊಳ್ಳುತ್ತಾರೆ. ಅದರಲ್ಲಿ ಸತತ ನಾಲ್ಕು ಕಂತುಗಳ ಮೊತ್ತ ಎಲ್ಲಿ ಅತಿ ಹೆಚ್ಚೋ ಅದೇ ದಟ್ಟಣೆಯ ಗಂಟೆ. ಕೆಲಸ ಸರಳ, ಆದರೆ ದಿನದ ಆಯ್ಕೆಯಲ್ಲಿ ಎಲ್ಲ ಅಡಗಿದೆ. ಮೇ ತಿಂಗಳ ಮಂಗಳವಾರ ಎಣಿಸಿದರೆ ಶಾಲೆಗಳಿಗೆ ರಜೆ. ರಸ್ತೆಗೂ ಅರ್ಧ ರಜೆ. ಅದೇ ಜಾಗದಲ್ಲಿ ಜುಲೈ ತಿಂಗಳ ಸೋಮವಾರ ನಿಂತರೆ ಬೇರೆಯೇ ಊರು. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗಾ ಜಾತ್ರೆ ನಡೆಯುವ ದಿನಗಳಲ್ಲಿ ಕ್ಯಾತ್ಸಂದ್ರದ ಕಡೆ ಎಣಿಸಿದರೆ ಅದೂ ಸರಿಯಾದ ಅಳತೆಯಲ್ಲ, ಅಷ್ಟು ಜನ ವರ್ಷವೆಲ್ಲ ಬರುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಅಂಗಡಿಗಳಿಗೆ ಜನ ನುಗ್ಗುವುದು ಸಂಜೆ ಆರರ ಮೇಲೆ ಮತ್ತು ಭಾನುವಾರ, ರಸ್ತೆ ಕಟ್ಟಿಕೊಳ್ಳುವುದು ಬೆಳಿಗ್ಗೆ. ಬೆಳಗಿನ ಗಂಟೆಯೊಂದನ್ನೇ ಹಿಡಿದು ಆ ಹೊತ್ತಿಗೆ ಅಂಗಡಿಗೆ ಬರುವವರೇ ಕಡಿಮೆ ಎಂದು ತೋರಿಸಿದರೆ ಲೆಕ್ಕ ಸುಳ್ಳಲ್ಲ, ಉಪಯೋಗಕ್ಕೆ ಬಾರದ್ದು ಅಷ್ಟೆ.

ಎಣಿಸಿದ ಮೇಲೆ ಬಸ್ಸನ್ನೂ ಸ್ಕೂಟರನ್ನೂ ಒಂದೇ ತಕ್ಕಡಿಗೆ ಹಾಕಬೇಕು. ಅದಕ್ಕೆ ಪಿಸಿಯು ಎಂಬ ಅಳತೆ ಇದೆ. ಒಂದು ಕಾರು ರಸ್ತೆಯಲ್ಲಿ ಹಿಡಿಯುವ ಜಾಗಕ್ಕೆ ಉಳಿದ ವಾಹನಗಳನ್ನು ಹೋಲಿಸುವ ಲೆಕ್ಕ. 1934ರಲ್ಲಿ ಆರಂಭವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೆಸರಿನಲ್ಲಿ ಕಾಂಗ್ರೆಸ್ಸಾದರೂ ರಾಜಕೀಯ ಪಕ್ಷವಲ್ಲ, ರಸ್ತೆ ಎಂಜಿನಿಯರುಗಳ ಸಂಸ್ಥೆ. ಅದು 1990ರಲ್ಲಿ ಹೊರಡಿಸಿದ 106ನೇ ಸಂಖ್ಯೆಯ ಮಾರ್ಗಸೂಚಿ ನಗರದ ರಸ್ತೆಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ಅದರ ಪ್ರಕಾರ ಒಟ್ಟು ವಾಹನಗಳಲ್ಲಿ ದ್ವಿಚಕ್ರಗಳ ಪಾಲು ಶೇ 5ರಷ್ಟಿದ್ದರೆ ಒಂದಕ್ಕೆ 0.5, ಶೇ 10 ಮತ್ತು ಅದಕ್ಕಿಂತ ಹೆಚ್ಚಿದ್ದರೆ 0.75. ಆಟೊಗೆ ಹೀಗೆಯೇ 1.2 ಅಥವಾ 2. ಲಗೇಜು ಗಾಡಿಗೆ 1.4 ಅಥವಾ 2. ಬಸ್ಸು, ಲಾರಿಗೆ 2.2 ಅಥವಾ 3.7. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4 ಅಥವಾ 5. ಕೈಗಾಡಿಗೂ ಒಂದು ಸಂಖ್ಯೆ ಇದೆ: 2 ಅಥವಾ 3. ತಳ್ಳುವವನಿಗೆ ರಸ್ತೆಯ ಮೇಲೆ ಇರುವ ಹಕ್ಕಿಗೆ ಅಷ್ಟರಮಟ್ಟಿಗೆ ದಾಖಲೆ ಇದೆಯೆನ್ನಿ.

ಒಂದು ಉದಾಹರಣೆ ಮಾಡಿ ನೋಡೋಣ. ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಕಟ್ಟಿಕೊಂಡವು, ಯಾವ ರಸ್ತೆಯವೂ ಅಲ್ಲ. ನಡುವೆ ಡಿವೈಡರ್ ಇಲ್ಲದ ನಾಲ್ಕು ಪಥದ ರಸ್ತೆಯಲ್ಲಿ ಒಂದು ಗಂಟೆಗೆ 1,400 ದ್ವಿಚಕ್ರ ವಾಹನ, 350 ಕಾರು, 260 ಆಟೊ, 60 ಲಗೇಜು ಗಾಡಿ, 40 ಬಸ್ಸು ಹೋದವು. ಒಟ್ಟು 2,110 ವಾಹನ. ದ್ವಿಚಕ್ರ ಮತ್ತು ಆಟೊಗಳ ಪಾಲು ಶೇ 10ನ್ನು ದಾಟಿರುವುದರಿಂದ ಅವಕ್ಕೆ ದೊಡ್ಡ ಸಂಖ್ಯೆ, ಉಳಿದವಕ್ಕೆ ಚಿಕ್ಕದು. 1,050, 350, 520, 84, 88 ಸೇರಿ 2,092 ಪಿಸಿಯು ಆಯಿತು.

ಇದನ್ನು ರಸ್ತೆಯ ಮಿತಿಯಿಂದ ಭಾಗಿಸಬೇಕು. ಯಾವ ಮಿತಿ? ಅದೇ ಮಾರ್ಗಸೂಚಿ ಇಂಥ ರಸ್ತೆಗೆ ಮೂರು ಬೇರೆ ಬೇರೆ ಮಿತಿ ಕೊಡುತ್ತದೆ. ಪ್ರಧಾನ ರಸ್ತೆಯಾದರೆ ಗಂಟೆಗೆ 3,000, ಉಪಪ್ರಧಾನವಾದರೆ 2,400, ಬಡಾವಣೆಗಳ ಸಂಚಾರವನ್ನು ಕೂಡಿಸಿಕೊಳ್ಳುವ ರಸ್ತೆಯಾದರೆ 1,800. ಹಾಗಾಗಿ ನಮ್ಮ 2,092 ಮೊದಲನೆಯ ಲೆಕ್ಕದಲ್ಲಿ ಮಿತಿಯ ಶೇ 70, ಎರಡನೆಯದರಲ್ಲಿ ಶೇ 87, ಮೂರನೆಯದರಲ್ಲಿ ಶೇ 116. ರಸ್ತೆ ಒಂದೇ, ಅಗಲ ಒಂದೇ, ಓಡಿದ ಗಾಡಿಗಳೂ ಅವೇ. ಹೆಸರು ಬದಲಾದ ಕೂಡಲೇ ಆರಾಮಾಗಿದ್ದ ರಸ್ತೆ ಉಸಿರುಗಟ್ಟಿತು.

ಹೆಸರನ್ನು ಬಾಯಿಗೆ ಬಂದಂತೆ ಇಡುವಂತಿಲ್ಲ ಎಂಬುದೇ ಇಲ್ಲಿ ಮುಖ್ಯ. ಪ್ರಧಾನ ರಸ್ತೆ ಎನ್ನಬೇಕಾದರೆ ಅಕ್ಕಪಕ್ಕದ ಕಟ್ಟಡಗಳಿಂದ ನೇರ ಪ್ರವೇಶ ಇರಬಾರದು, ಗಾಡಿ ನಿಂತಿರಬಾರದು, ಅಡ್ಡ ಹಾಯುವ ಸಂಚಾರ ತೀರ ಕಡಿಮೆ ಇರಬೇಕು. ಎರಡನೆಯ ದರ್ಜೆಯಲ್ಲಿ ಬದಿಯ ಪ್ರವೇಶವಿರಬಹುದು, ಆದರೆ ನಿಂತ ವಾಹನ ಇರಕೂಡದು. ಎಲ್ಲೆಂದರಲ್ಲಿ ಪ್ರವೇಶ, ಬದಿಯಲ್ಲಿ ನಿಂತ ಗಾಡಿಗಳು, ಅಡ್ಡ ಹಾಯುವವರ ಸಾಲು, ಇವೆಲ್ಲ ಇದ್ದರೆ ಅದು ಮೂರನೆಯ ದರ್ಜೆ. ಈಗ ಅಶೋಕ ರಸ್ತೆಯನ್ನೋ ಮಂಡಿಪೇಟೆಯ ಆಸುಪಾಸನ್ನೋ ಕಣ್ಣಮುಂದೆ ತಂದುಕೊಳ್ಳಿ. ಅಂಗಡಿ ಮುಂದೆ ನಿಲ್ಲಿಸಿದ ಬೈಕುಗಳು ಎರಡು ಸಾಲು, ಅವುಗಳಾಚೆ ಹೂವಿನ ಗಾಡಿ. ನಮ್ಮ ಪೇಟೆಯ ಎಷ್ಟು ರಸ್ತೆಗಳು ಮೊದಲ ದರ್ಜೆಗೆ ಸಲ್ಲುತ್ತವೆ? ವರದಿಯಲ್ಲಿ ರಸ್ತೆಗೆ ಕೊಟ್ಟ ದರ್ಜೆ ಒಂದು, ಕಣ್ಣಿಗೆ ಕಾಣುವ ದರ್ಜೆ ಇನ್ನೊಂದಾದರೆ ಆಕ್ಷೇಪಣೆಯ ಮೊದಲ ಪ್ಯಾರಾ ಅಲ್ಲಿಯೇ ಸಿಕ್ಕಿತು.

ಈ ಮಿತಿಗಳ ಬಗ್ಗೆ ಇನ್ನೊಂದು ಮಾತು. ಅವು ರಸ್ತೆ ಪೂರ್ತಿ ಸಿಕ್ಕಿಕೊಳ್ಳುವ ಬಿಂದುವಲ್ಲ. ಗರಿಷ್ಠ ಸಾಮರ್ಥ್ಯದ ಸುಮಾರು ಶೇ 70ಕ್ಕೆ ಹಾಕಿದ ಗೆರೆ. ತುಂಬಿದ ಕೊಡವನ್ನು ಹೊತ್ತು ನಡೆದರೆ ತುಳುಕದೆ ಇರುವುದಿಲ್ಲವಲ್ಲ, ಅದಕ್ಕೆ ಬಿಟ್ಟ ಜಾಗ. ಕೆಲವರು ಈ ಗೆರೆಯನ್ನು ಬಿಟ್ಟು ಗರಿಷ್ಠ ಸಾಮರ್ಥ್ಯದಿಂದಲೇ ಭಾಗಿಸುತ್ತಾರೆ. ಆಗ 1,800ರ ಜಾಗದಲ್ಲಿ ಸುಮಾರು 2,570 ಬಂದು, ಶೇ 116 ಇದ್ದದ್ದು ಶೇ 81ಕ್ಕೆ ಇಳಿಯುತ್ತದೆ. ಹಾಗೆ ಮಾಡುವುದು ತಪ್ಪಲ್ಲ, ಆದರೆ ಯಾವುದರಿಂದ ಭಾಗಿಸಿದೆವೆಂದು ಹೇಳದಿರುವುದು ತಪ್ಪು. ಎ ಯಿಂದ ಎಫ್ ವರೆಗಿನ ಸೇವಾ ಮಟ್ಟದ ಅಕ್ಷರಗಳು ಇಂಥ ಭಾಗಾಕಾರದಿಂದಲೇ ಹುಟ್ಟುತ್ತವೆ. ಎ ಎಂದರೆ ಖಾಲಿ ರಸ್ತೆ, ಎಫ್ ಎಂದರೆ ನಿಂತಲ್ಲೇ ನಿಂತದ್ದು.

ಇಷ್ಟೂ ಇಂದಿನ ರಸ್ತೆಯ ಕಥೆ. ಕಟ್ಟಡ ತರುವ ಹೊಸ ಹೊರೆಯನ್ನು ಊಹಿಸಲೇಬೇಕು, ಕಟ್ಟದ ಕಟ್ಟಡದ ಮುಂದೆ ನಿಂತು ಎಣಿಸಲಾಗದು. ಒಳ್ಳೆಯ ದಾರಿ ಎಂದರೆ ಅದೇ ಊರಿನಲ್ಲಿ ಅದೇ ಬಗೆಯ ಕಟ್ಟಡವೊಂದರ ಬಾಗಿಲಲ್ಲಿ ನಿಂತು, ಇಷ್ಟು ಚದರ ಮೀಟರಿಗೆ ಗಂಟೆಗೆ ಇಷ್ಟು ಜನ, ಇಂಥಿಂಥ ವಾಹನದಲ್ಲಿ ಬಂದರು ಎಂದು ದರ ಕಟ್ಟುವುದು. ಸೋಮಾರಿ ದಾರಿ ಎಂದರೆ ಅಮೆರಿಕದ ಕೈಪಿಡಿಯಿಂದಲೋ ಮಹಾನಗರದ ಮಾಲ್‌ನಿಂದಲೋ ದರ ಎರವಲು ತರುವುದು. ಅಲ್ಲಿ ಮನೆಮಂದಿಯೆಲ್ಲ ಒಂದು ಕಾರಿನಲ್ಲಿ ವಾರಕ್ಕೊಮ್ಮೆ ಬಂದರೆ, ಇಲ್ಲಿ ಸ್ಕೂಟರಿನಲ್ಲಿ ದಿನಕ್ಕೆ ಎರಡು ಬಾರಿ ಬರುತ್ತಾರೆ. ಸೂಪರ್ ಮಾರ್ಕೆಟ್, ಚಿನ್ನದ ಅಂಗಡಿ, ಕೋಚಿಂಗ್ ಕೇಂದ್ರ, ಮೇಲಂತಸ್ತಿನಲ್ಲಿ ಪಾರ್ಟಿ ಹಾಲ್, ಪ್ರತಿಯೊಂದಕ್ಕೂ ಬರುವವರ ಹೊತ್ತು ಮತ್ತು ರೀತಿ ಬೇರೆ. ಕೋಚಿಂಗ್ ಕೇಂದ್ರ ಬಿಟ್ಟರೆ ಐದು ನಿಮಿಷದಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಬೀದಿಗಿಳಿಯಬಹುದು. ಚಿನ್ನದ ಅಂಗಡಿಯಲ್ಲಿ ಹಾಗಾಗುವುದಿಲ್ಲ. ವರದಿಯಲ್ಲಿ ಎಲ್ಲವನ್ನೂ ವಾಣಿಜ್ಯ ಎಂಬ ಒಂದೇ ಸಾಲಿಗೆ ಸೇರಿಸಿದ್ದರೆ ಏನೇನು ಬರಲಿದೆ ಎಂದು ಬಿಡಿಸಿ ಕೇಳಬೇಕು.

ಕಟ್ಟಡದವರ ಪರವಾಗಿಯೂ ಒಂದು ನ್ಯಾಯದ ಮಾತು ಇದೆ. ಬಾಗಿಲಿಗೆ ಬಂದ ಗಾಡಿಗಳೆಲ್ಲ ರಸ್ತೆಗೆ ಹೊಸದಾಗಿ ಸೇರಿದವಲ್ಲ. ಕಚೇರಿ ಮುಗಿಸಿ ಕ್ಯಾತ್ಸಂದ್ರದ ಮನೆಗೆ ಹೊರಟವರು ದಾರಿಯಲ್ಲಿ ಸೊಪ್ಪು ಕೊಳ್ಳಲು ನಿಂತರೆ ಅವರು ಮೊದಲೂ ಆ ರಸ್ತೆಯಲ್ಲೇ ಇದ್ದವರು. ಅವರನ್ನು ಹೊಸ ಹೊರೆಯಿಂದ ಕಳೆಯುವುದು ಸರಿಯೇ. ಆದರೆ ಅವರು ಬಾಗಿಲ ಬಳಿ ತಿರುಗುವುದನ್ನು, ನಿಲ್ಲುವುದನ್ನು, ಮತ್ತೆ ಹರಿವಿಗೆ ಸೇರುವುದನ್ನು ಕಳೆಯುವಂತಿಲ್ಲ. ನಮ್ಮ ರಸ್ತೆಗಳು ಕಟ್ಟಿಕೊಳ್ಳುವುದು ನೇರ ಹೋಗುವವರಿಗಿಂತ ಹೆಚ್ಚಾಗಿ ತಿರುಗುವವರಿಂದ.

ಡಿವೈಡರ್ ಇರುವ ರಸ್ತೆಯಲ್ಲಿ ಈ ತಿರುವಿನ ಕಷ್ಟ ಇನ್ನೂ ಹೆಚ್ಚು. ಎದುರು ಬದಿಯಿಂದ ಬರುವ ಗಿರಾಕಿ ಮುಂದಿನ ತೆರಪಿನವರೆಗೆ ಹೋಗಿ ಯು ಟರ್ನ್ ಮಾಡಿ ಬರಬೇಕು. ಕಾಗದದ ಮೇಲೆ ಬಾಣದ ಗುರುತು ಹಾಗೆಯೇ ಹೋಗುತ್ತದೆ. ತೆರಪು ಅರ್ಧ ಕಿಲೋಮೀಟರ್ ದೂರವಿದ್ದರೆ ಬೈಕಿನವನು ಎದುರು ದಿಕ್ಕಿನಲ್ಲೇ ಅಂಚು ಹಿಡಿದು ಬರುತ್ತಾನೆ. ಅವನು ಮಾಡುವುದು ತಪ್ಪು, ಒಪ್ಪಿಕೊಳ್ಳೋಣ. ಆದರೆ ಹಾಗೆ ಬರುವವರು ಇರುತ್ತಾರೆಂದು ತಿಳಿದೂ ಬಾಗಿಲನ್ನು ಅಲ್ಲೇ ಇಟ್ಟವರ ಲೆಕ್ಕ ಎಲ್ಲಿಯೂ ಬರೆದಿರುವುದಿಲ್ಲ.

ಬಾಗಿಲ ಬಗ್ಗೆ ಒಂದು ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಸೆಲ್ಲಾರಿಗೆ ಇಳಿಯುವಲ್ಲಿ ಚೀಟಿ ಕೊಡುವ ಗೇಟು ಒಂದು ಗಾಡಿಗೆ 20 ಸೆಕೆಂಡು ತೆಗೆದುಕೊಂಡರೆ ಗಂಟೆಗೆ 180 ಗಾಡಿ ಒಳಹೋಗುತ್ತವೆ. ಸಂಜೆ ಗಂಟೆಗೆ 240 ಬಂದರೆ ಗಂಟೆಯ ಕೊನೆಗೆ 60 ಗಾಡಿ ಹೊರಗೆ ಉಳಿದವು. ಎಲ್ಲವೂ ಬೈಕುಗಳೇ, ಒಂದರ ಹಿಂದೊಂದು ಎರಡೆರಡು ಮೀಟರ್ ಹಿಡಿದವು ಎಂದುಕೊಂಡರೂ 120 ಮೀಟರ್ ಸಾಲು. ಒಳಗೆ ಜಾಗ ಎಷ್ಟೇ ಇರಲಿ, ಆ ಸಾಲು ನಿಲ್ಲುವುದು ರಸ್ತೆಯ ಮೇಲೆ. ಗೇಟನ್ನು ನಿವೇಶನದ ಒಳಕ್ಕೆ ಸರಿಸಿದರೆ ಅಥವಾ ಚೀಟಿಯನ್ನು ಹೊರಹೋಗುವಾಗ ನೋಡಿದರೆ ಸಾಲು ಕರಗುತ್ತದೆ. ಲಕ್ಷಾಂತರ ರೂಪಾಯಿಯ ಸಿಗ್ನಲ್ಲಿಗಿಂತ ಇಂಥ ಸಣ್ಣ ತಿದ್ದುಪಡಿ ಎಷ್ಟೋ ಕಡೆ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಅದನ್ನು ನಕ್ಷೆಯ ಹಂತದಲ್ಲೇ ಮಾಡಬೇಕು, ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಇಳಿಜಾರನ್ನು ಸರಿಸುವುದಿಲ್ಲ.

ನಡೆಯುವವರಿಗೆ ಈ ಲೆಕ್ಕದಲ್ಲಿ ಪಿಸಿಯು ಇಲ್ಲ. ಅವರಿಗೆ ಬೇರೊಂದು ಸೂತ್ರವಿದೆ, ಅದನ್ನು ವರದಿಗಳಲ್ಲಿ ಹುಡುಕಿ ನೋಡಿ. ರೋಡ್ಸ್ ಕಾಂಗ್ರೆಸ್ಸಿನದೇ 103ನೇ ಮಾರ್ಗಸೂಚಿಯಲ್ಲಿ, ಗಂಟೆಗೆ ರಸ್ತೆ ದಾಟುವವರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ, ಎಂದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದರಿಂದ, ಗುಣಿಸಬೇಕು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿ ದಾಟಿದರೆ, ಇರುವಲ್ಲಿ 20 ಕೋಟಿ ದಾಟಿದರೆ, ದಾಟುವವರಿಗೆ ವಾಹನಗಳನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಬೇಕು. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ನಮ್ಮ ಉದಾಹರಣೆಯ 2,110 ವಾಹನಗಳ ರಸ್ತೆಗೆ ಹಾಕಿ ನೋಡಿದರೆ ಗಂಟೆಗೆ 23 ಜನ ದಾಟಿದರೂ 10 ಕೋಟಿ ಮೀರುತ್ತದೆ. ಒಂದು ಸಿಟಿ ಬಸ್ಸಿನಿಂದ ಇಳಿಯುವ ಮಂದಿ ಅಷ್ಟೆ. ದಾಟಲು ಕೊಡುವ ಸಮಯವನ್ನು ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಹಾಕುವುದು ರೂಢಿ. 14 ಮೀಟರ್ ಅಗಲಕ್ಕೆ ಸುಮಾರು 12 ಸೆಕೆಂಡು. ಮಂಡಿ ನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ 12ನೇ ಸೆಕೆಂಡಿಗೆ ಇನ್ನೂ ನಾಲ್ಕು ಮೀಟರಿಗೂ ಹೆಚ್ಚು ದೂರ ಉಳಿದಿರುತ್ತದೆ.

ವಾಹನ ನಿಲುಗಡೆಯ ಬಗ್ಗೆ ಜನ ಸಾಕಷ್ಟು ಮಾತಾಡುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ನಿಯಮಗಳು ಮುಖ್ಯವಾಗಿ ಕಾರುಗಳ ಲೆಕ್ಕದಲ್ಲಿವೆ, ಊರು ಬರುವುದು ದ್ವಿಚಕ್ರಗಳಲ್ಲಿ. ಬೈಕಿನವನು ಸೆಲ್ಲಾರಿಗೆ ಇಳಿಯುವುದಿಲ್ಲ, ಅಂಗಡಿ ಕಾಣುವಲ್ಲಿ ನಿಲ್ಲಿಸುತ್ತಾನೆ. ನೆಲಮಟ್ಟದಲ್ಲಿ ಬೈಕಿಗೆ ಜಾಗವಿಲ್ಲದ ನಕ್ಷೆ ಪಾದಚಾರಿ ಮಾರ್ಗವನ್ನೇ ನಿಲುಗಡೆಯೆಂದು ಬರೆದುಕೊಂಡಂತೆ. ಸಾಮಾನು ಇಳಿಸುವ ಲಾರಿಗೂ ಒಳಗೆ ನಿಲ್ಲಲು, ತಿರುಗಲು ಜಾಗ ತೋರಿಸಿರಬೇಕು.

ಇದನ್ನೆಲ್ಲ ಯಾರು ನೋಡಬೇಕು ಎಂಬಲ್ಲಿ ಗೊಂದಲ ಶುರುವಾಗುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಊರಿನ ಮಹಾಯೋಜನೆ, ಭೂ ಉಪಯೋಗ, ವಲಯ ನಿಯಮಾವಳಿ ಯೋಜನಾ ಪ್ರಾಧಿಕಾರದ ಕೈಯಲ್ಲಿವೆ. ತುಮಕೂರಿನಲ್ಲಿ ಅದು ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಟೂಡಾ. ಕಟ್ಟಡದ ಪರವಾನಗಿ 1976ರ ಪೌರ ನಿಗಮಗಳ ಕಾಯ್ದೆಯಂತೆ ಮಹಾನಗರ ಪಾಲಿಕೆಯದು. ಸಂಚಾರ ಪೊಲೀಸರು ಅಭಿಪ್ರಾಯ ಕೊಡಬಹುದು. ರಾಷ್ಟ್ರೀಯ ಹೆದ್ದಾರಿಗೆ ನೇರ ಬಾಗಿಲು ಬೇಕಾದರೆ ಹೆದ್ದಾರಿಯವರ ಒಪ್ಪಿಗೆ ಬೇರೆ ಬೇಕು. ಕೃಷಿ ಭೂಮಿಯಾಗಿದ್ದರೆ ಭೂ ಪರಿವರ್ತನೆಗೆ ಜಿಲ್ಲಾಧಿಕಾರಿಯ ಕಚೇರಿ. 1961ರ ಕಾಯ್ದೆಯಲ್ಲಿ ಸಂಚಾರ ಪರಿಣಾಮಕ್ಕೆಂದೇ ಒಂದು ಅಧ್ಯಾಯವಿಲ್ಲ. ರಸ್ತೆ ಎಷ್ಟು ಅಗಲವೋ ಅದಕ್ಕೆ ತಕ್ಕಂತೆ ಎಷ್ಟು ಮಹಡಿ, ಎಷ್ಟು ನೆಲ ವಿಸ್ತೀರ್ಣ ಎಂದು ವಲಯ ನಿಯಮಗಳು ಕಟ್ಟುಹಾಕುತ್ತವೆ. ಅದೇ ನಮ್ಮ ಹಳೆಯ, ಒರಟು ಸಂಚಾರ ನಿಯಮ. ಆ ಅಗಲವನ್ನು ಕಾಗದದಲ್ಲಿ ಅಳೆಯುತ್ತಾರೋ, ಟ್ರಾನ್ಸ್‌ಫಾರ್ಮರ್, ಚರಂಡಿ, ಮುಂದಕ್ಕೆ ಬಂದ ಮೆಟ್ಟಿಲು ಬಿಟ್ಟು ನೆಲದಲ್ಲಿ ಅಳೆಯುತ್ತಾರೋ ಎಂಬುದು ಬೇರೆ ವಿಚಾರ.

ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ನಿರ್ಮಾಣದ ಕಟ್ಟಡಗಳಿಗೆ ಪೂರ್ವಾನುಮತಿ ಬೇಕೆನ್ನುತ್ತದೆ. ಅದರ ಅರ್ಜಿಯಲ್ಲಿ ಸಂಚಾರದ ಪ್ರಶ್ನೆಗಳೂ ಇವೆ. ಆದರೆ ಕಟ್ಟಡ ಯೋಜನೆಗಳಿಗೆ ಆ ಅಧಿಸೂಚನೆಯೇ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಕೊಟ್ಟಿದೆ. ಅದಕ್ಕಿಂತ ಚಿಕ್ಕ ಕಟ್ಟಡಗಳದು ಇನ್ನೊಂದು ತೊಡಕು. ಒಂದೇ ರಸ್ತೆಯಲ್ಲಿ ತಲಾ 7,000 ಚದರ ಮೀಟರಿನ ಮೂರು ಸಂಕೀರ್ಣಗಳು ಎದ್ದರೆ ರಸ್ತೆಗೆ ಬೀಳುವ ಹೊರೆ 21,000ದ್ದು, ಕಡತದಲ್ಲಿ ಮಾತ್ರ ಮೂರೂ ಚಿಕ್ಕವೇ. ಆದ್ದರಿಂದ ಈಗಾಗಲೇ ಮಂಜೂರಾಗಿ ಇನ್ನೂ ಕಟ್ಟದ ನೆರೆಯ ಕಟ್ಟಡಗಳನ್ನು ಸೇರಿಸಿ ಲೆಕ್ಕ ಹಾಕಿದ್ದೀರಾ ಎಂಬ ಪ್ರಶ್ನೆಗೆ ತೂಕವಿದೆ. ಊರಿನ ಸಹಜ ಬೆಳವಣಿಗೆಯನ್ನೂ ಸೇರಿಸಬೇಕು. ವರ್ಷಕ್ಕೆ ಶೇ 5ರಂತೆ ಬೆಳೆದರೆ ಇಂದಿನ 100 ಗಾಡಿ ಹತ್ತು ವರ್ಷಕ್ಕೆ 163.

ಹಾಗಾದರೆ ನಾವು ಬಾಯಿಬಿಡುವುದು ಯಾವಾಗ? ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಾಯಿಸಲು ಅರ್ಜಿ ಬಂದಾಗ. 1961ರ ಕಾಯ್ದೆಯ 14-ಎ ಕಲಂ ಪ್ರಕಾರ ಮಹಾಯೋಜನೆಯ ಭೂ ಉಪಯೋಗ ಬದಲಾವಣೆಯ ಪ್ರಸ್ತಾವವನ್ನು ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಟೆಂಡರು, ಹೆಸರು ಬದಲಾವಣೆಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯಲ್ಲಿ ಸರ್ವೆ ನಂಬರ್ ಮಾತ್ರ ಇರುತ್ತದೆ, ಮೂಲೆ ಹೋಟೆಲಿನ ಪಕ್ಕದ ಜಾಗ ಎಂದು ಯಾರೂ ಬರೆಯುವುದಿಲ್ಲ. ನಿಮ್ಮ ಬೀದಿಯ ಸರ್ವೆ ನಂಬರುಗಳನ್ನು ಒಮ್ಮೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಜಾಗ ಮಹಾಯೋಜನೆಯಲ್ಲಿ ಮೊದಲೇ ವಾಣಿಜ್ಯ ವಲಯವಾಗಿದ್ದರೆ ನೆರೆಯವರನ್ನು ಕೇಳುವ ಹಂತ ಸಾಮಾನ್ಯವಾಗಿ ಇರುವುದಿಲ್ಲ. ಆಗ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮಂಜೂರಾದ ನಕ್ಷೆ, ನಿಲುಗಡೆಯ ಕೋಷ್ಟಕ, ಸಂಚಾರ ವರದಿ ಇದ್ದರೆ ಅದರ ಎಣಿಕೆಯ ಹಾಳೆಗಳು, ಎಲ್ಲದರ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವು.

ಇನ್ನು ಆಕ್ಷೇಪಣೆ ಬರೆಯುವ ಬಗೆ. ಟ್ರಾಫಿಕ್ ಸಮಸ್ಯೆಯಾಗುತ್ತದೆ ಎಂದು ಐವತ್ತು ಜನ ಸಹಿ ಹಾಕಿದ ಮನವಿಗೆ ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಸಾಕು. ಇಂಥ ದಿನಾಂಕದಂದು ಬೆಳಿಗ್ಗೆ 8.45ರಿಂದ 9.45ರವರೆಗೆ ನಾವು ಎಣಿಸಿದಾಗ ಇಷ್ಟು, ನಿಮ್ಮ ವರದಿಯಲ್ಲಿ ಇಷ್ಟು, ವ್ಯತ್ಯಾಸಕ್ಕೆ ಕಾರಣ ರಜೆಯ ದಿನ ಎಣಿಸಿದ್ದು ಎಂದು ಬರೆದರೆ ಹಾಗೆ ಉತ್ತರಿಸುವುದು ಕಷ್ಟ. ಎಣಿಸಲು ಯಂತ್ರ ಬೇಡ. ಭದ್ರಮ್ಮ ವೃತ್ತದ ಹತ್ತಿರ ಚಹಾ ಅಂಗಡಿಯ ಕಲ್ಲಿನ ಮೇಲೆ ಕುಳಿತು ನಾನೂ ಒಮ್ಮೆ ಪ್ರಯತ್ನಿಸಿದ್ದೇನೆ. ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ. ಒಬ್ಬರಿಗೆ ಎಲ್ಲವನ್ನೂ ಎಣಿಸಲಾಗದು ಎಂಬುದು ಹತ್ತು ನಿಮಿಷಕ್ಕೇ ಗೊತ್ತಾಯಿತು. ದ್ವಿಚಕ್ರಕ್ಕೇ ಒಬ್ಬರು ಬೇಕು, ಉಳಿದದ್ದಕ್ಕೆ ಒಬ್ಬರು, ರಸ್ತೆ ದಾಟುವವರಿಗೆ ಇನ್ನೊಬ್ಬರು. ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಆಮೇಲೆ ತಾಳೆ ನೋಡಬಹುದು.

ವರದಿಯ ಪರಿಹಾರದ ಭಾಗವನ್ನು ಓದುವಾಗ ಪ್ರತಿ ಸಾಲಿನ ಕರ್ತೃಪದ ಯಾರು ಎಂದು ನೋಡಿ. ಕಟ್ಟಡದವರು ತಮ್ಮ ಜಾಗದಲ್ಲಿ ಒಂದು ಪಥ ಬಿಟ್ಟುಕೊಡುತ್ತಾರೆ ಎಂದಿದ್ದರೆ ಅದು ಷರತ್ತಾಗಬಲ್ಲದು. ಪಾಲಿಕೆ ಮುಂದೆ ರಸ್ತೆ ಅಗಲಿಸಲಿದೆ, ಪೊಲೀಸರು ಸಂಚಾರ ನಿಯಂತ್ರಿಸಲಿದ್ದಾರೆ ಎಂದಿದ್ದರೆ ಅದು ಬೇರೆಯವರ ಜೇಬಿನ ಹಣ, ಬೇರೆಯವರ ದುಡಿಮೆ. ಷರತ್ತಾಗಬಲ್ಲವನ್ನು ಪರವಾನಗಿಯಲ್ಲೇ ಬರೆಸಬೇಕೆಂದು ಕೇಳಿ.

ಷರತ್ತನ್ನು ಪಾಲಿಸಿದರೇ ಎಂದು ನೋಡಲು ಒಂದು ಗಟ್ಟಿ ಅವಕಾಶ ಸಿಗುವುದು ಕಟ್ಟಡ ಮುಗಿದು ಸ್ವಾಧೀನಾನುಭವ ಪತ್ರ ಕೇಳಿದಾಗ. ಜನ ಅದನ್ನು ಒ.ಸಿ. ಎನ್ನುತ್ತಾರೆ. ಅದು ಸಿಗುವ ಮೊದಲು ಮಂಜೂರಾದ ನಕ್ಷೆ ಹಿಡಿದು ಹೋಗಿ ನೋಡುವುದಕ್ಕೆ ಅರ್ಥವಿದೆ: ಗೇಟು ನಕ್ಷೆಯಲ್ಲಿದ್ದ ಕಡೆಯೇ ಇದೆಯೇ, ಇಳಿಜಾರು ಪಾದಚಾರಿ ಮಾರ್ಗದ ಅಂಚಿನಿಂದಲೇ ಶುರುವಾಗಿದೆಯೇ, ಸೆಲ್ಲಾರಿನಲ್ಲಿ ಗೋದಾಮಿನ ಶಟರು ಎದ್ದಿದೆಯೇ. ನಕ್ಷೆಗೂ ನೆಲಕ್ಕೂ ವ್ಯತ್ಯಾಸ ಕಂಡರೆ ಫೋಟೊ ತೆಗೆದು, ದಿನಾಂಕ ಹಾಕಿ, ಪರವಾನಗಿಯ ಸಂಖ್ಯೆಯೊಂದಿಗೆ ಪಾಲಿಕೆಯ ಆಯುಕ್ತರ ಕಚೇರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.